ತೊಳೆದಷ್ಟೂ ಹೋಗದ ಎಣ್ಣೆ

1989ರ ಮಾರ್ಚ್ 24ರಂದು, ನಡುರಾತ್ರಿ ಕಳೆದ ಕೂಡಲೇ ಎಕ್ಸಾನ್ ವಾಲ್ಡೀಜ್ ಎಂಬ ಟ್ಯಾಂಕರ್ (ಎಣ್ಣೆ ಸಾಗಿಸುವ ಹಡಗು) ಅಮೆರಿಕದ ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕಡಲ ಕೊಲ್ಲಿಯಲ್ಲಿ ಬಂಡೆಸಾಲಿಗೆ ಗುದ್ದಿತು. ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರ ಸೇರಿತು. 2,000 ಕಿಲೋಮೀಟರಿಗೂ ಉದ್ದದ ದಡಕ್ಕೆ ಮೆತ್ತಿಕೊಂಡಿತು. ಸತ್ತ ಕಡಲಹಕ್ಕಿಗಳೇ ಎರಡೂವರೆ ಲಕ್ಷ ಅಂತ ಅಂದಾಜು. ಕಡಲ ನೀರುನಾಯಿಗಳೂ ಸಾವಿರಾರು ಸತ್ತವು. ಅವಕ್ಕೆ ತಿಮಿಂಗಿಲದ ಹಾಗೆ ಚರ್ಮದಡಿ ದಪ್ಪ ಕೊಬ್ಬಿಲ್ಲ. ತುಪ್ಪಳದ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡಬೇಕು. ಎಣ್ಣೆ ಹತ್ತಿದರೆ ಆ ಗಾಳಿ ಹೋಗುತ್ತದೆ, ಪ್ರಾಣಿ ಚಳಿಗೇ ಸಾಯುತ್ತದೆ.

ಬಿಸಿನೀರನ್ನು ಜೋರಾಗಿ ಹಾಯಿಸಿ ಬಂಡೆಗಳನ್ನು ತೊಳೆದರು. ದಡ ನೋಡೋಕೆ ಚೊಕ್ಕವಾಯಿತು. ಆದರೆ ಎಣ್ಣೆಯಿಂದ ಹೇಗೋ ಬಚಾವಾಗಿದ್ದ ಚಿಪ್ಪುಜೀವಿ, ಪಾಚಿಗಳು ಅದರಲ್ಲೇ ಬೆಂದುಹೋದವು. ತೊಳೆಯದೆ ಬಿಟ್ಟ ಕೆಲವು ದಡಗಳೇ ಬೇಗ ಚೇತರಿಸಿಕೊಂಡವು ಅಂತ ಆಮೇಲೆ ಗೊತ್ತಾಯಿತು. ಟಿವಿ ಕ್ಯಾಮೆರಾಗಳ ಮುಂದೆ ಸುಮ್ನೆ ಕೂರೋಕೂ ಆಗುತ್ತಿರಲಿಲ್ಲ, ಅಲ್ವಾ?

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ಕಡಲಲ್ಲಿ ಮೊದಲಿಂದಲೂ ಇವೆ. ಅವು ಚುರುಕಾಗಲಿ ಅಂತ ದಡಕ್ಕೆ ಗೊಬ್ಬರವನ್ನೂ ಹಾಕಿದರು. ಮೇಲ್ಮೈಯಲ್ಲಿ ಅಲೆ, ಬಿಸಿಲು, ಬ್ಯಾಕ್ಟೀರಿಯಾ ಎಲ್ಲ ಸೇರಿ ಎಣ್ಣೆ ಕರಗಿಸುತ್ತವೆ. ದೊಡ್ಡ ಕಲ್ಲುಗಳ ಅಡಿಗೆ ಇಳಿದ ಎಣ್ಣೆಯ ಕತೆ ಬೇರೆ. ಅಲೆಯ ಹೊಡೆತ ಅಲ್ಲಿಗೆ ತಲುಪುವುದಿಲ್ಲ, ಆಮ್ಲಜನಕ ತೀರಾ ಕಡಿಮೆ. ಅದಿಲ್ಲದೆ ಬ್ಯಾಕ್ಟೀರಿಯಾಗಳ ಊಟ ಬಹಳ ನಿಧಾನ. 2001ರಲ್ಲಿ ವಿಜ್ಞಾನಿಗಳು 91 ಕಡೆ ದಡ ಅಗೆದು ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಕಡೆ ಎಣ್ಣೆ ಸಿಕ್ಕಿತು.

ಅಷ್ಟರಲ್ಲಿ ಕಾನೂನು ತನ್ನ ಲೆಕ್ಕ ಮುಗಿಸಿಬಿಟ್ಟಿತ್ತು. 1991ರಲ್ಲೇ ಹಡಗಿನ ಎಕ್ಸಾನ್ ಕಂಪನಿ 90 ಕೋಟಿ ಡಾಲರ್ ಕೊಡಲು ಒಪ್ಪಿ ಅಮೆರಿಕ ಮತ್ತು ಅಲಾಸ್ಕಾ ಸರ್ಕಾರಗಳ ಜೊತೆ ರಾಜಿಯಾಗಿತ್ತು. ಅದರಲ್ಲೊಂದು ಕಿಟಕಿ ಇತ್ತು: ಆಗ ಊಹಿಸಲಾಗದ ಹಾನಿ ಮುಂದೆ ಕಂಡರೆ ಇನ್ನೂ 10 ಕೋಟಿವರೆಗೆ ಕೇಳಬಹುದು. ಕಲ್ಲಿನಡಿಯ ಎಣ್ಣೆ ತೋರಿಸಿ 2006ರಲ್ಲಿ 9.2 ಕೋಟಿ ಕೇಳಿದರು. ಕಂಪನಿ ಒಪ್ಪಲಿಲ್ಲ. ನೀರುನಾಯಿಗಳೂ ಬಾತುಗಳೂ ಚೇತರಿಸಿಕೊಂಡಿವೆ ಅಂತ 2015ರಲ್ಲಿ ಸರ್ಕಾರಗಳೇ ಬೇಡಿಕೆ ಕೈಬಿಟ್ಟವು. ಎಣ್ಣೆ ಇದ್ದರೆ ಸಾಲದು, ಅದರಿಂದ ಹಾನಿಯಾಗುತ್ತಿದೆ ಅಂತಲೂ ತೋರಿಸಬೇಕು. ವಾದ ತಪ್ಪಲ್ಲ. ಆದರೆ ಕಾಯುವುದರಿಂದ ಲಾಭ ಯಾರಿಗೆ ಅನ್ನೋದು ಕಾಣುತ್ತದೆ.

ನಷ್ಟವಾಯಿತೆಂದು ಕೋರ್ಟಿಗೆ ಹೋದ ಮೀನುಗಾರರದ್ದೂ ಅದೇ ಪಾಡು. 1994ರಲ್ಲಿ ಜ್ಯೂರಿ (ತೀರ್ಪು ಕೊಡಲು ಆರಿಸಿದ ಸಾಮಾನ್ಯ ಜನರ ತಂಡ) ಕಂಪನಿಗೆ 500 ಕೋಟಿ ಡಾಲರ್ ದಂಡ ಹಾಕಿತು. ಅಪೀಲಿನ ಮೇಲೆ ಅಪೀಲು ನಡೆದು, 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು 50.75 ಕೋಟಿಗೆ ಇಳಿಸಿತು. ಅಷ್ಟು ಹೊತ್ತಿಗೆ ಸಾವಿರಾರು ಅರ್ಜಿದಾರರು ತೀರಿಹೋಗಿದ್ದರು.

ಕಾನೂನಿನಿಂದ ಗಟ್ಟಿ ಲಾಭವೂ ಆಯಿತು. ಅಮೆರಿಕದ 1990ರ ಕಾಯ್ದೆ ಟ್ಯಾಂಕರುಗಳಿಗೆ ಜೋಡಿ ಗೋಡೆಯ ಒಡಲು ಬೇಕೆಂದಿತು. ಹೊರಗೋಡೆ ಒಡೆದರೂ ಎಣ್ಣೆ ಒಳಗೇ ಉಳಿಯಬಹುದು.

ಗುದ್ದಿದ ಹಡಗು ರಿಪೇರಿಯಾಗಿ, ಹೆಸರು ಬದಲಿಸುತ್ತಾ 20 ವರ್ಷಕ್ಕೂ ಜಾಸ್ತಿ ಓಡಿತು. 2012ರಲ್ಲಿ ಗುಜರಾತಿನ ಅಲಂಗ್‌ಗೆ ಒಡೆಸಿಕೊಳ್ಳಲು ಬಂದಾಗ, ವಿಷವಸ್ತುಗಳ ಭಯದಿಂದ ತಕರಾರು ನಮ್ಮ ಸುಪ್ರೀಂ ಕೋರ್ಟಿಗೆ ಹೋಯಿತು. ಮುಂದೆ ಬರುವ ಹಡಗುಗಳಿಗೆ ಅಪಾಯಕಾರಿ ಕಸವನ್ನು ದೇಶದಿಂದ ದೇಶಕ್ಕೆ ಸಾಗಿಸುವ ಬಗೆಗಿನ ಬಾಸೆಲ್ ಒಪ್ಪಂದದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ ಅಂತ ಹೇಳಿ, ಕೋರ್ಟು ಇದನ್ನು ಒಡೆಯಲು ಬಿಟ್ಟಿತು.