ವರ್ಣಭೇದ ಇದ್ದದ್ದು ಅಮೆರಿಕದ ದಕ್ಷಿಣದಲ್ಲಿ ಮಾತ್ರವೇ?

ಪ್ರಶ್ನೆ: ಅಮೆರಿಕದಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇದ್ದದ್ದು ದಕ್ಷಿಣದ ರಾಜ್ಯಗಳಲ್ಲಿ ಮಾತ್ರ ಅಲ್ವಾ? ಇಂಥ ಬೇರೆ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ 1954ರ ಬ್ರೌನ್ ತೀರ್ಪಿಗೆ ಮೊದಲು ಅದನ್ನು ಯಾರೂ ಪ್ರಶ್ನಿಸಿರಲಿಲ್ಲವೇ?

ಪ್ರಶ್ನಿಸಿದ್ದರು, ಅದಕ್ಕೂ ನೂರು ವರ್ಷ ಮೊದಲೇ. ಎರಡನೆಯದಕ್ಕೆ ಸದ್ಯಕ್ಕೆ ಇಷ್ಟು ಸಾಕು. ತಲೆ ತಿನ್ನುವುದು ಮೊದಲನೆಯದು. ಯಾರೇ ಕೇಳಲಿ, ‘ದಕ್ಷಿಣದಲ್ಲಿ ಮಾತ್ರ’ ಎಂಬುದು ಅದರಲ್ಲಿ ಇದ್ದೇ ಇರುತ್ತದೆ. ಉತ್ತರದವರು ಯುದ್ಧ ಮಾಡಿ ಗುಲಾಮಗಿರಿ ತೆಗೆದರು, ಹಾಗಾಗಿ ಅವರು ಒಳ್ಳೆಯವರು ಅನ್ನುವ ಸಿನಿಮಾ ಲೆಕ್ಕ.

ಬಾಸ್ಟನ್ ನೋಡಿ. ಉತ್ತರದ ಊರು, ಗುಲಾಮಗಿರಿ ವಿರೋಧಿಗಳ ಭದ್ರಕೋಟೆ. 1840ರ ದಶಕದ ಕೊನೆಯಲ್ಲಿ ಅಲ್ಲಿ ಬೆಂಜಮಿನ್ ರಾಬರ್ಟ್ಸ್ ಎಂಬ ಕಪ್ಪು ಮುದ್ರಕರಿದ್ದರು. ಮಗಳು ಸಾರಾಗೆ ಐದು ವರ್ಷ. ಕಪ್ಪು ಮಕ್ಕಳ ಶಾಲೆಗೆ ಹೋಗಬೇಕಾದರೆ ಆಕೆ ಬಿಳಿಯರ ಐದು ಶಾಲೆಗಳನ್ನು ದಾಟಬೇಕು! ಅಪ್ಪ ಕೇಸು ಹಾಕಿದರು. ಕಪ್ಪು ವಕೀಲ ರಾಬರ್ಟ್ ಮಾರಿಸ್ ಜೊತೆ ಗುಲಾಮಗಿರಿ ವಿರೋಧಿ ಬಿಳಿಯ ವಕೀಲ ಚಾರ್ಲ್ಸ್ ಸಮ್ನರ್ ವಾದಿಸಿದರು. ಕಾನೂನಿನ ಮುಂದೆ ಎಲ್ಲರೂ ಸಮಾನರಾದ ಮೇಲೆ ಬೇರೆ ಶಾಲೆ ಯಾಕೆ ಎನ್ನುವುದು ಸಮ್ನರ್ ವಾದ. 1850ರಲ್ಲಿ ಮ್ಯಾಸಚೂಸೆಟ್ಸ್ ಮುಖ್ಯ ನ್ಯಾಯಮೂರ್ತಿ ಲೆಮ್ಯುಯಲ್ ಶಾ ಅದನ್ನು ಒಪ್ಪಲಿಲ್ಲ. ಮಕ್ಕಳನ್ನು ಬೇರೆ ಬೇರೆ ಇಡುವ ಅಧಿಕಾರ ಶಾಲಾ ಸಮಿತಿಗೆ ಇದೆ ಎಂದುಬಿಟ್ಟರು.

ಕಪ್ಪು ಕುಟುಂಬಗಳು ಸುಮ್ಮನಾಗಲಿಲ್ಲ. 1855ರಲ್ಲಿ ರಾಜ್ಯದ ಶಾಸನಸಭೆ ಈ ಪದ್ಧತಿಯನ್ನು ನಿಷೇಧಿಸಿತು. ಆದರೆ ಶಾ ಬರೆದ ತೀರ್ಪು ಹಾಗೇ ಉಳಿಯಿತು. 1896ರ ಪ್ಲೆಸ್ಸಿ ಕೇಸಿನಲ್ಲಿ ಸೌಲಭ್ಯ ಸಮಾನವಾಗಿದ್ದರೆ ಬೇರೆ ಬೇರೆ ಇಡಬಹುದು ಎಂದು ದಕ್ಷಿಣದ ಲೂಸಿಯಾನಾದ ಪ್ರತ್ಯೇಕ ರೈಲು ಬೋಗಿಗಳನ್ನು ಸುಪ್ರೀಂ ಕೋರ್ಟ್ ಒಪ್ಪಿದಾಗ, ಆಸರೆಗೆ ಹಿಡಿದ ತೀರ್ಪುಗಳಲ್ಲಿ ಬಾಸ್ಟನ್ನಿನದೂ ಒಂದು. ದಕ್ಷಿಣದ ಕಾನೂನಿಗೆ ಉತ್ತರದ ಊರುಗೋಲು! ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಹೆನ್ರಿ ಬ್ರೌನ್ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನಲ್ಲಿ. ವಿರೋಧಿಸಿದ ಒಬ್ಬರೇ ಒಬ್ಬ ನ್ಯಾಯಮೂರ್ತಿ ಜಾನ್ ಹಾರ್ಲನ್. ಅವರು ದಕ್ಷಿಣದ ಕೆಂಟಕಿಯವರು, ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನದವರು.

ಇನ್ನೂ ನಂಬಿಕೆ ಬರಲಿಲ್ವಾ? 1954ರ ಕೇಸಿನ ಬ್ರೌನ್ ಕುಟುಂಬ ಇದ್ದದ್ದು ಕ್ಯಾನ್ಸಸ್‌ನ ಟೊಪೀಕಾದಲ್ಲಿ. ಕ್ಯಾನ್ಸಸ್ 1861ರಲ್ಲಿ ಒಕ್ಕೂಟ ಸೇರಿದ್ದೇ ಗುಲಾಮಗಿರಿ ಇಲ್ಲದ ರಾಜ್ಯವಾಗಿ. ಆ ಮನೆಯ ಹುಡುಗಿ ಲಿಂಡಾ ಬ್ರೌನ್‌ಗೆ ಪ್ರವೇಶ ಕೊಡದ ಬಿಳಿಯರ ಶಾಲೆಯ ಹೆಸರು ಸಮ್ನರ್ ಶಾಲೆ. ಹೌದು, ಅದೇ ಚಾರ್ಲ್ಸ್ ಸಮ್ನರ್ ಹೆಸರು.

ಯಾರೂ ಕೇಳದ ಇನ್ನೊಂದು ಪ್ರಶ್ನೆಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಬೇರೆ ಶಾಲೆಗಳ ವಿರುದ್ಧ ಹೋರಾಡಿದ ಕಪ್ಪು ವಕೀಲರಾದ ಚಾರ್ಲ್ಸ್ ಹ್ಯೂಸ್ಟನ್ ಮತ್ತು ಅವರ ಶಿಷ್ಯ ತರ್ಗುಡ್ ಮಾರ್ಷಲ್ 1930ರ ದಶಕದಲ್ಲಿ ಚಿಕ್ಕ ಮಕ್ಕಳ ಶಾಲೆ ಬಿಟ್ಟು ಲಾ ಕಾಲೇಜುಗಳ ಮೇಲೆ ಯಾಕೆ ಮೊದಲು ಕೇಸು ಹಾಕಿದರು? ಒಳ್ಳೆಯ ಲಾ ಕಾಲೇಜು ಹೇಗಿರುತ್ತದೆ ಅಂತ ನ್ಯಾಯಾಧೀಶರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೇರುವವರೂ ಕಡಿಮೆ, ಬಿಳಿಯ ಅಪ್ಪ-ಅಮ್ಮಂದಿರ ಗಲಾಟೆಯೂ ಕಡಿಮೆ. ರಾಜ್ಯ ಸರ್ಕಾರಕ್ಕೋ ಎರಡೇ ದಾರಿ: ಸೇರಿಸಿಕೊಳ್ಳಬೇಕು, ಇಲ್ಲವೇ ಬೆರಳೆಣಿಕೆಯ ಜನರಿಗಾಗಿ ಇನ್ನೊಂದು ಕಾಲೇಜು ಕಟ್ಟಬೇಕು. ಟೆಕ್ಸಾಸ್ 1947ರಲ್ಲಿ ನಿಜವಾಗಿಯೂ ಬೇರೆ ಲಾ ಕಾಲೇಜು ತೆರೆಯಿತು, ಹೆಮನ್ ಸ್ವೆಟ್ ಎಂಬವರು ಕೇಸು ಹಾಕಿದ್ದಕ್ಕೆ. ಖರ್ಚು ಮಾಡಿದ್ದೇ ಬಂತು. ಅದು ಸಮಾನ ಅಲ್ಲ, ಸ್ವೆಟ್‌ರನ್ನು ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೇ ಸೇರಿಸಿಕೊಳ್ಳಿ ಎಂದು 1950ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.