ಟೆಕ್ಸಾಸ್, ಫೆಬ್ರವರಿ 2021: ಚಳಿಗಾಲದಲ್ಲಿ ಮನೆಯ ಶಾಖ ಕೈಕೊಟ್ಟಾಗ

ಫೆಬ್ರವರಿ 2021ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಕಡು ಚಳಿಯ ನಡುವೆಯೇ ಕರೆಂಟು ಹೋಯಿತು. ವಿಪತ್ತು ನಿರ್ವಹಣೆ ಓದುವವರು ಈ ಪ್ರಕರಣವನ್ನು ಒಂದು ಪ್ರಶ್ನೆ ಹಿಡಿದು ಓದಬೇಕು: ಮನೆ ಬೆಚ್ಚಗಿರಲು ಏನೇನು ಸರಿಯಿರಬೇಕು?

ಟೆಕ್ಸಾಸ್‌ನ ಅರ್ಧಕ್ಕಿಂತ ಹೆಚ್ಚು ಮನೆಗಳು ಬೆಚ್ಚಗಾಗುವುದು ವಿದ್ಯುತ್ತಿನಿಂದ. ಉಳಿದ ಹೆಚ್ಚಿನವುಗಳಲ್ಲಿ ಗ್ಯಾಸ್ ಉರಿಸಿ ಗಾಳಿ ಕಾಯಿಸುವ ಫರ್ನೇಸ್ ಇದೆ. ಆದರೆ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನ್ ತಿರುಗಲು ಕರೆಂಟೇ ಬೇಕು. ಹಾಗಾಗಿ ಗ್ಯಾಸ್ ಇದ್ದವರೂ ನಡುಗಿದರು.

ಇನ್ನೊಂದು ಗಂಟು ಇದಕ್ಕಿಂತ ಸೋಜಿಗದ್ದು. ರಾಜ್ಯದ ವಿದ್ಯುತ್ತಿನ ದೊಡ್ಡ ಪಾಲು ಬರುವುದು ನೈಸರ್ಗಿಕ ಅನಿಲದಿಂದ. ಅನಿಲ ತೆಗೆದು ಸಂಸ್ಕರಿಸುವ ಎಷ್ಟೋ ಘಟಕಗಳು ಓಡುವುದು ವಿದ್ಯುತ್ತಿನಿಂದ. ಫೆಬ್ರವರಿ 15ರ ನಸುಕಿಗೂ ಮುನ್ನ, ಇಡೀ ಜಾಲ ಕುಸಿಯದಿರಲೆಂದು ಅದರ ನಿರ್ವಾಹಕ ಸಂಸ್ಥೆ ಎರ್ಕಾಟ್ ಲೋಡ್ ಶೆಡ್ಡಿಂಗ್‌ಗೆ ಆದೇಶಿಸಿತು. ಕಡಿತ ಒಂದು ಹಂತದಲ್ಲಿ 20,000 ಮೆಗಾವಾಟ್ ಮುಟ್ಟಿತು. ಸರದಿಯಂತೆ ಹೋಗಿ ಬರಬೇಕಿದ್ದ ಕರೆಂಟು ಅನೇಕ ಬಡಾವಣೆಗಳಿಗೆ ದಿನಗಟ್ಟಲೆ ಬರಲೇ ಇಲ್ಲ. ತಮ್ಮದು ಅತ್ಯಗತ್ಯ ಸಂಪರ್ಕವೆಂದು ಮೊದಲೇ ಅರ್ಜಿ ತುಂಬಿಕೊಡದ ಅನಿಲ ಘಟಕಗಳ ಲೈನೂ ಕಡಿತಗೊಂಡಿತು; ಚಳಿಗೆ ಬಾವಿಗಳೂ ಕೊಳವೆಗಳೂ ಹೆಪ್ಪುಗಟ್ಟಿದ್ದರಿಂದ ಮೊದಲೇ ಕುಗ್ಗಿದ್ದ ಪೂರೈಕೆ ಇನ್ನಷ್ಟು ಕುಗ್ಗಿತು. 2011ರ ಚಳಿಯ ಬಳಿಕವೇ ಒಕ್ಕೂಟ ಸರ್ಕಾರದ ತನಿಖಾ ವರದಿ ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸಿ ಎಂದಿತ್ತು. ಸಲಹೆ ಸಲಹೆಯಾಗಿಯೇ ಉಳಿದಿತ್ತು!

ರಾಜ್ಯದ ಲೆಕ್ಕದಲ್ಲಿ ಸತ್ತವರು 246 ಮಂದಿ. ಹೆಚ್ಚಿನವರನ್ನು ಕೊಂದದ್ದು ಚಳಿ. ಆದರೆ ಚಳಿಯಿಂದ ತಪ್ಪಿಸಿಕೊಳ್ಳಲು ಹೋಗಿ ಸತ್ತವರ ಕಥೆಯನ್ನು ಪರೀಕ್ಷೆಗೆ ಮಾತ್ರವಲ್ಲ, ಮನೆಗೂ ಕಲಿಯಬೇಕು. ಇದ್ದಿಲಿನ ಗ್ರಿಲ್ ಒಲೆಯನ್ನು ಒಳಗೆ ತಂದರು, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟರು. ಇವುಗಳ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದಾಗ ಜ್ವರವೆಂದುಕೊಂಡು ಮಲಗಿದವರು ಮತ್ತೆ ಏಳದೇ ಹೋಗಬಹುದು. ನಮ್ಮಲ್ಲಿ ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರ್ ಕೊಲ್ಲುವುದೂ ಇದೇ ಅನಿಲದಿಂದ.

ಮನೆಯ ಸಿದ್ಧತೆ: ಮಲಗುವ ಕೋಣೆಗಳ ಬಳಿ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ, ಜನರೇಟರ್ ಹೊರಗೆ, ಕಿಟಕಿಯಿಂದ ಕನಿಷ್ಠ 6 ಮೀಟರ್ ದೂರ, ಎಲ್ಲರೂ ಒಂದೇ ಕೋಣೆಯಲ್ಲಿ. ಕೊಳವೆಯಲ್ಲಿ ನೀರು ಹೆಪ್ಪುಗಟ್ಟದಂತೆ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ, ಕೊಳವೆ ಒಡೆದರೆ ನೀರು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿದೆ ಎಂದು ಮನೆಯವರೆಲ್ಲರಿಗೂ ತಿಳಿದಿರಲಿ.

ಸಮುದಾಯದ ಮಟ್ಟದಲ್ಲಿ ನನಗೆ ಮುಖ್ಯವೆನಿಸುವುದು ಪಟ್ಟಿ: ಆಕ್ಸಿಜನ್ ಯಂತ್ರ ನಂಬಿದವರು ಯಾರು, ಒಂಟಿ ವೃದ್ಧರು ಯಾರು, ಅವರ ಬಾಗಿಲು ತಟ್ಟುವವರು ಯಾರು. ಆಶ್ರಯ ಕೇಂದ್ರದ ಹೆಸರು ಬರೆಯುವ ಮುನ್ನ ಅಲ್ಲಿ ಸ್ವಂತ ಜನರೇಟರ್ ಇದೆಯೇ ನೋಡಿ. ಟೆಕ್ಸಾಸ್‌ನಲ್ಲಿ ಕೆಲವು ಆಶ್ರಯ ಕೇಂದ್ರಗಳಲ್ಲೂ ಕರೆಂಟು ಹೋಗಿತ್ತು.