ಟಿಕ್ ಟಿಕ್ ಸದ್ದು ಹೇಳದ ಸಂಗತಿಗಳು

ಗೈಗರ್ ಕೌಂಟರ್ ಟಿಕ್ ಟಿಕ್ ಎಂದರೆ ಅಲ್ಲಿ ವಿಕಿರಣ ಇದೆ ಎಂದಷ್ಟೇ ಅರ್ಥ. ಅದು ಯಾವ ಐಸೊಟೋಪಿನದು, ಅಂದರೆ ಯಾವ ಬಗೆಯ ಪರಮಾಣುವಿನದು ಎಂಬುದು ಆ ಸದ್ದಿನಲ್ಲಿಲ್ಲ. ವಿಕಿರಣ ಸುರಕ್ಷತೆಯ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ.

1928ರಲ್ಲಿ ಹಾನ್ಸ್ ಗೈಗರ್ ಮತ್ತು ವಾಲ್ಟರ್ ಮ್ಯೂಲರ್ ರೂಪಿಸಿದ ಕೊಳವೆಯ ತತ್ವ ಇಂದಿಗೂ ಬದಲಾಗಿಲ್ಲ. ಒಳಗೆ ಅನಿಲ, ನಡುವೆ ತಂತಿ, ಅದಕ್ಕೆ ನೂರಾರು ವೋಲ್ಟ್. ವಿಕಿರಣ ಬಡಿದು ಒಂದೇ ಒಂದು ಎಲೆಕ್ಟ್ರಾನ್ ಬಿಡುಗಡೆಯಾದರೂ ಸಾಕು, ಅದು ಮತ್ತಷ್ಟನ್ನು ಕಿತ್ತು ತಂತಿಯುದ್ದಕ್ಕೂ ಹಬ್ಬುತ್ತದೆ. ಒಳಬಂದ ಗಾಮಾ ಕಿರಣ ದುರ್ಬಲವಿರಲಿ, ಪ್ರಬಲವಿರಲಿ, ಹೊರಬರುವ ಪಲ್ಸ್ ಒಂದೇ ಗಾತ್ರದ್ದು. ಶಕ್ತಿಯ ಗುರುತು ಅಲ್ಲೇ ಅಳಿಸಿಹೋಗುತ್ತದೆ.

ಗುರುತು ಬೇಕೆಂದರೆ ಸೋಡಿಯಂ ಅಯೊಡೈಡ್ ಹರಳು ಬೇಕು. ಗಾಮಾ ಬಿಟ್ಟುಕೊಟ್ಟ ಶಕ್ತಿಗೆ ತಕ್ಕಷ್ಟು ಬೆಳಕು ಹರಳಿನಲ್ಲಿ ಮಿನುಗುತ್ತದೆ. ಅದನ್ನು ಅಳೆದು ಪರದೆಯ ಮೇಲೆ ಸ್ಪೆಕ್ಟ್ರಮ್, ಅಂದರೆ ಯಾವ ಶಕ್ತಿಯ ಗಾಮಾ ಎಷ್ಟು ಎಂಬ ನಕ್ಷೆ, ಬಿಡಿಸಬಹುದು. 662 ಕೆಇವಿಯಲ್ಲಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಪೀಕ್, ಅಂದರೆ ಶಿಖರ, ಎದ್ದರೆ ಸೀಸಿಯಂ-137. 1173 ಮತ್ತು 1332ರಲ್ಲಿ ಜೋಡಿ ಪೀಕ್ ಇದ್ದರೆ ಕೋಬಾಲ್ಟ್-60. 1461ರದ್ದು ಪೊಟ್ಯಾಸಿಯಂ-40, ಅದು ಮಣ್ಣಿನಲ್ಲೂ ಇದೆ, ನಮ್ಮ ಮೈಯಲ್ಲೂ ಇದೆ, ಗಾಬರಿ ಬೇಡ. ಆದರೆ ಈ ಹರಳಿನ ಪೀಕ್‌ಗಳು ಅಗಲ. ಅಯೊಡಿನ್-131ರ 364 ಮತ್ತು ಬೇರಿಯಂ-133ರ 356 ಅದರಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ. ಬೇರ್ಪಡಿಸಲು ಅತಿ ಶುದ್ಧ ಜರ್ಮೇನಿಯಂ ಡಿಟೆಕ್ಟರೇ ಆಗಬೇಕು. ಅದನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದಲೋ ವಿದ್ಯುತ್ ಶೈತ್ಯಯಂತ್ರದಿಂದಲೋ ತಣ್ಣಗಿಡಬೇಕು. ಎತ್ತಿಕೊಂಡು ಓಡಾಡುವ ಕೆಲಸಕ್ಕೆ ನಾನು ಈಗಲೂ ಹರಳನ್ನೇ ಆರಿಸುತ್ತೇನೆ.

ನನ್ನನ್ನು ಹೆಚ್ಚು ಕಾಡುವುದು ಮೀಟರ್ ಸೊನ್ನೆ ತೋರಿಸುವ ಸಂದರ್ಭ. ಪೊಲೋನಿಯಂ-210 ಹೊರಸೂಸುವುದು ಬಹುಪಾಲು ಆಲ್ಫಾ ಕಣಗಳನ್ನೇ. ಆ ಕಣಗಳು ದಪ್ಪ ಗೋಡೆ ದಾಟಲಾರವು, ಹಾಗಾಗಿ ಅಂಥ ಗೋಡೆಯ ಗೈಗರ್ ಕೊಳವೆಗೆ ಅದು ಕಾಣುವುದೇ ಇಲ್ಲ. ತೆಳು ಅಭ್ರಕದ ಕಿಟಕಿಯ ಪ್ರೋಬ್ ಹಿಡಿದು, ಮೇಲ್ಮೈಗೆ ತೀರಾ ಹತ್ತಿರ, ನಿಧಾನವಾಗಿ ಸರಿಸಬೇಕು. ಅವಸರದಲ್ಲಿ ಬೀಸಿದರೆ ಇದ್ದದ್ದೂ ತಪ್ಪಿಹೋಗುತ್ತದೆ.

ಇನ್ನೊಂದು ಸೊನ್ನೆ ಇದಕ್ಕಿಂತ ಅಪಾಯಕಾರಿ. ಪ್ರತಿ ಪಲ್ಸ್ ನಂತರ ಕೊಳವೆ ಸುಮಾರು 100 ಮೈಕ್ರೊಸೆಕೆಂಡ್ ಕುರುಡು. ವಿಕಿರಣ ವಿಪರೀತವಿದ್ದರೆ ಅದು ಚೇತರಿಸಿಕೊಳ್ಳುವುದೇ ಇಲ್ಲ. ರಕ್ಷಣಾ ಸರ್ಕ್ಯೂಟ್ ಇಲ್ಲದ ಮೀಟರಿನ ಮುಳ್ಳು ಕೆಳಗಿಳಿಯುತ್ತದೆ. ಮುಳ್ಳು ಮೇಲಿನ ತುದಿ ಮುಟ್ಟಿದರೂ ನಂಬದಿರುವುದುಂಟು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಸೀಸಿಯಂ ಚೆಲ್ಲಿದಾಗ, ಭೌತವಿಜ್ಞಾನಿಯೊಬ್ಬರು ಎರವಲು ತಂದ ಮೀಟರಿನ ಮುಳ್ಳು ದೂರದಲ್ಲೇ ಕೊನೆಗೆ ಹೋಗಿ ನಿಂತಿತು. ಉಪಕರಣ ಕೆಟ್ಟಿದೆ ಎಂದುಕೊಂಡು ಅವರು ಹಿಂದಿರುಗಿ ಬೇರೊಂದನ್ನು ತಂದರು. ಅದೂ ಹಾಗೆಯೇ ತೋರಿಸಿತು.

ಆದ್ದರಿಂದ ಹೊರಡುವ ಮೊದಲೇ ಚೆಕ್ ಸೋರ್ಸ್ (ಪರೀಕ್ಷೆಗೆಂದೇ ಇರುವ ದುರ್ಬಲ ವಿಕಿರಣ ಮೂಲ) ಹಿಡಿದು ಮೀಟರ್ ಪರೀಕ್ಷಿಸಿ. ದೂರದಿಂದಲೇ ಆನ್ ಮಾಡಿ ನಡೆಯಿರಿ. ಏರುತ್ತಿದ್ದ ರೀಡಿಂಗ್ ಹತ್ತಿರ ಹೋದಂತೆ ತಟ್ಟನೆ ಬಿದ್ದರೆ ಬಂದ ದಾರಿಯಲ್ಲೇ ಹಿಂದೆ ಸರಿದು, ವಿಪರೀತ ವಿಕಿರಣವನ್ನೂ ಅಳೆಯಬಲ್ಲ ಅಯಾನ್ ಚೇಂಬರ್ ಮೀಟರ್ ತರಿಸಿ.